ವಾಚ್ ತಪ್ಪು ಲೆಕ್ಕ ಕೊಡ್ತಿದೆಯಾ? ಮೊದಲು ಕೈ ನೋಡಿ, ಆಮೇಲೆ ವಾಚ್ ನೋಡಿ

ನಮ್ಮ ದೊಡ್ಡಪ್ಪ ದಿನಾ ಬೆಳಗ್ಗೆ ಲಾಲ್‌ಬಾಗ್‌ನಲ್ಲಿ ವಾಕಿಂಗ್ ಮಾಡುತ್ತಾರೆ. ವಯಸ್ಸು 67. ಮಗ ಒಂದು ಸ್ಮಾರ್ಟ್‌ವಾಚ್ ತಂದುಕೊಟ್ಟ. ಎರಡು ವಾರ ಖುಷಿಯಾಗಿ ಕಟ್ಟಿಕೊಂಡು ಓಡಾಡಿದರು. ಮೂರನೇ ವಾರ ನನಗೆ ಫೋನ್ ಬಂತು.

"ನೋಡಮ್ಮಾ, ನಡೆಯೋಕೆ ಶುರು ಮಾಡಿದರೆ ಸಾಕು, ಎದೆಬಡಿತ 118 ಅಂತ ತೋರಿಸುತ್ತೆ. ನಿಂತ ತಕ್ಷಣ ಸರ್ರಂತ ತೊಂಬತ್ತಕ್ಕೆ ಇಳಿಯುತ್ತೆ. ನನಗೆ ಸುಸ್ತೂ ಇಲ್ಲ, ಏದುಸಿರೂ ಇಲ್ಲ. ಎದೆ ಕೆಟ್ಟಿದೆಯೋ, ವಾಚ್ ಕೆಟ್ಟಿದೆಯೋ?"

ಡಾಕ್ಟರ ಹತ್ತಿರ ಆಗಲೇ ಹೋಗಿಬಂದಿದ್ದರು. ಇಸಿಜಿ ಮಾಡಿಸಿದ್ದರು, ಸರಿಯಾಗಿಯೇ ಇತ್ತು. ಅಲ್ಲಿಗೆ ಎದೆಯ ಚಿಂತೆ ಮುಗಿಯಿತು. ಉಳಿದದ್ದು ವಾಚ್. ಅಂಗಡಿಯವರು ಎರಡು ಸಲ ರೀಸೆಟ್ ಮಾಡಿಕೊಟ್ಟಿದ್ದರು, ಏನೂ ಬದಲಾಗಲಿಲ್ಲ. ದೊಡ್ಡಪ್ಪ ಅದನ್ನು ಬಿಚ್ಚಿ ಬೀರುವಿನಲ್ಲಿ ಇಟ್ಟುಬಿಟ್ಟಿದ್ದರು.

ಇಂಥ ಫೋನ್ ನನಗೆ ಆಗಾಗ ಬರುತ್ತದೆ. ಮನೆಯವರು, ಪಕ್ಕದ ಮನೆಯವರು, ಆಫೀಸಿನವರು, ಎಲ್ಲರ ವಾಚನ್ನೂ ಒಂದಲ್ಲ ಒಂದು ಸಲ ಕೈಗೆ ತೆಗೆದುಕೊಂಡು ನೋಡಿದ್ದೇನೆ. ವಾಚ್ ಒಳಗೇ ಏನಾದರೂ ಸುಟ್ಟಿದ್ದು, ಮುರಿದಿದ್ದು ತುಂಬಾ ಕಡಿಮೆ. ವಾಚ್ ಮೈಗೆ ತಾಗುವ ಜಾಗದಲ್ಲೇ ಹೆಚ್ಚಾಗಿ ಎಡವಟ್ಟು. ಫೋನ್ ಆದರೆ ಕೈಯಲ್ಲಿ ಹಿಡಿದು ನೋಡುತ್ತೇವೆ, ಕೆಳಗೆ ಇಡುತ್ತೇವೆ. ಇದು ಹಾಗಲ್ಲ. ಬೆವರು, ಎಣ್ಣೆ, ಬಳೆ, ದಾರ, ಕೈ ಬೀಸುವ ರೀತಿ ಎಲ್ಲದರ ಜೊತೆ ದಿನವಿಡೀ ಬಾಳಬೇಕು. ಅದಕ್ಕೇ ರೀಸೆಟ್ ಮಾಡುವ ಮೊದಲು ಮೈ ಮತ್ತು ವಾಚ್ ಸೇರುವ ಆ ಜಾಗ ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಎದೆನೋವು, ತಲೆಸುತ್ತು, ಉಸಿರಾಟದ ತೊಂದರೆ, ಎದೆ ಡವಡವ ಅನ್ನುವುದು, ಕಣ್ಣು ಕತ್ತಲೆ ಬರುವುದು, ಇವುಗಳಲ್ಲಿ ಯಾವುದಿದ್ದರೂ ಈ ಬರಹ ಓದುತ್ತಾ ಕೂರಬೇಡಿ. ವಾಚ್ ಸರಿ ಇದೆಯಾ ಅಂತ ಪರೀಕ್ಷೆ ಮಾಡುವ ಹೊತ್ತಲ್ಲ ಅದು. ಆಸ್ಪತ್ರೆಗೆ ಹೋಗಿ, ಬೇಕಿದ್ದರೆ 108ಕ್ಕೆ ಫೋನ್ ಮಾಡಿ. ಮೈ ಆರಾಮಾಗಿದೆ, ಅಂಕಿ ಮಾತ್ರ ವಿಚಿತ್ರವಾಗಿದೆ ಅನ್ನುವವರಿಗೆ ಮಾತ್ರ ಮುಂದಿನದು.

ಹಸಿರು ಲೈಟ್ ನೋಡುವುದೇನು

ವಾಚ್ ಬಿಚ್ಚಿ ಹಿಂದೆ ತಿರುಗಿಸಿ ನೋಡಿ. ಪುಟ್ಟ ಗಾಜಿನ ಹಿಂದೆ ಹಸಿರು ಲೈಟ್ ಮಿಣುಕುತ್ತಿರುತ್ತದೆ. ರಕ್ತ ಕೆಂಪು, ಅದು ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಎದೆ ಒಂದು ಸಲ ಬಡಿದಾಗ ಮಣಿಕಟ್ಟಿನ ಚರ್ಮದ ಕೆಳಗೆ ರಕ್ತ ಒಂದು ಚೂರು ಜಾಸ್ತಿ ನುಗ್ಗುತ್ತದೆ, ಆಗ ಬೆಳಕು ಒಂದು ಚೂರು ಕಡಿಮೆ ವಾಪಸ್ ಬರುತ್ತದೆ. ಬಡಿತ ಮುಗಿದಾಗ ಮತ್ತೆ ಜಾಸ್ತಿ. ಲೈಟಿನ ಪಕ್ಕದಲ್ಲಿರುವ ಸೆನ್ಸರ್ ಈ ಏರಿಳಿತವನ್ನು ಹಿಡಿಯುತ್ತದೆ. ಅದರ ತಾಳವನ್ನು ಎಣಿಸಿ ನಿಮಿಷಕ್ಕೆ ಇಷ್ಟು ಅಂತ ವಾಚ್ ಹೇಳುತ್ತದೆ.

ಅಂದರೆ ವಾಚ್ ನಿಮ್ಮ ಎದೆಯ ಸದ್ದು ಕೇಳುತ್ತಿಲ್ಲ. ಚರ್ಮದಿಂದ ವಾಪಸ್ ಬರುವ ಬೆಳಕಿನಲ್ಲಿ ತಾಳ ಹುಡುಕುತ್ತಿದೆ, ಅಷ್ಟೇ. ಈ ಒಂದು ವಿಷಯ ತಲೆಯಲ್ಲಿದ್ದರೆ ಅರ್ಧ ದೋಷಗಳು ತಾವಾಗಿಯೇ ಅರ್ಥವಾಗುತ್ತವೆ.

ಆ ಏರಿಳಿತ ತುಂಬಾ ಸಣ್ಣದು. ಕೈ ಅಲ್ಲಾಡಿದಾಗ ಆಗುವ ಬದಲಾವಣೆ ಅದಕ್ಕಿಂತ ಎಷ್ಟೋ ದೊಡ್ಡದು. ಹೆಜ್ಜೆ ಇಟ್ಟಾಗಲೆಲ್ಲ ಕೈ ಜಗ್ಗುತ್ತದೆ, ವಾಚ್ ಒಂದು ಕೂದಲೆಳೆಯಷ್ಟು ಜಾರುತ್ತದೆ, ಸಂದಿಯಿಂದ ಹೊರಗಿನ ಬಿಸಿಲು ಒಳಗೆ ನುಸುಳುತ್ತದೆ, ಚರ್ಮದ ಕೆಳಗಿನ ರಕ್ತವೂ ಆ ಜಗ್ಗಾಟಕ್ಕೆ ಆಚೀಚೆ ಆಗುತ್ತದೆ. ಇದೆಲ್ಲವೂ ತಾಳಬದ್ಧವಾಗಿಯೇ ಆಗುತ್ತದೆ, ಯಾಕೆಂದರೆ ನಾವು ನಡೆಯುವುದೇ ತಾಳಕ್ಕೆ ಸರಿಯಾಗಿ. ವಾಚ್ ಮುಂದೆ ಈಗ ಎರಡು ತಾಳ ಇವೆ: ಒಂದು ನಾಡಿಯದು, ಇನ್ನೊಂದು ಹೆಜ್ಜೆಯದು. ಅಲುಗಾಟ ಅಳೆಯುವ ಇನ್ನೊಂದು ಸೆನ್ಸರ್ ಸಹಾಯದಿಂದ ಹೆಜ್ಜೆಯ ತಾಳವನ್ನು ಬೇರೆ ಮಾಡಿ ತೆಗೆಯಲು ಅದು ನೋಡುತ್ತದೆ. ಪಟ್ಟಿ ಸಡಿಲವಾಗಿದ್ದರೆ, ಅಥವಾ ಎರಡು ತಾಳಗಳೂ ಹತ್ತಿರ ಹತ್ತಿರ ಇದ್ದರೆ, ಸೋಲುತ್ತದೆ. ಹೆಜ್ಜೆಯನ್ನೇ ನಾಡಿ ಅಂದುಕೊಂಡು ಎಣಿಸುತ್ತದೆ.

ಚುರುಕಾಗಿ ನಡೆಯುವವರು ನಿಮಿಷಕ್ಕೆ ಸುಮಾರು 100ರಿಂದ 120 ಹೆಜ್ಜೆ ಹಾಕುತ್ತಾರೆ. ಓಡುವವರು 160, 170, 180. ಈಗ ದೊಡ್ಡಪ್ಪನ 118 ನೆನಪಿಸಿಕೊಳ್ಳಿ. ಅವರ ಮಾತಿನಲ್ಲೇ ಇನ್ನೊಂದು ಸುಳಿವೂ ಇತ್ತು: ನಿಂತ ತಕ್ಷಣ ಸರ್ರಂತ ಇಳಿಯುತ್ತೆ ಅಂದಿದ್ದರು. ನಿಜವಾದ ಎದೆಬಡಿತ ಹಾಗೆ ಧೊಪ್ಪಂತ ಬೀಳುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ.

ಹೆಜ್ಜೆಯಾ, ನಾಡಿಯಾ? ಪತ್ತೆ ಮಾಡುವುದು ಹೀಗೆ

ಭಾನುವಾರ ಬೀರುವಿನಿಂದ ವಾಚ್ ತೆಗೆಸಿ, ಎಂದಿನಂತೆ ಕಟ್ಟಿಕೊಳ್ಳಲು ಹೇಳಿ, ನಾನೂ ಅವರ ಜೊತೆ ಹೋದೆ. ಗಾಜಿನ ಮನೆ ಹತ್ತಿರ ಸಮತಟ್ಟಾದ ದಾರಿಯಲ್ಲಿ ಅವರನ್ನು ಎಂದಿನಂತೆ ನಡೆಯಲು ಹೇಳಿ ಹಿಂದಿನಿಂದ ಹೆಜ್ಜೆ ಎಣಿಸಿದೆ. 30 ಸೆಕೆಂಡಿಗೆ 58. ಅಂದರೆ ನಿಮಿಷಕ್ಕೆ 116. ವಾಚ್ ತೋರಿಸಿದ್ದು 117.

ಇಷ್ಟಕ್ಕೇ ತೀರ್ಮಾನ ಮಾಡಬೇಡಿ. ನಾಡಿ ನಿಜವಾಗಿಯೂ 117 ಇರಬಹುದು, ಆ ಹೊತ್ತಿಗೆ ಎರಡೂ ಒಂದೇ ಆಗಿರಬಹುದು. ಅದಕ್ಕೇ ಎರಡನೇ ಹಂತ. "ದೊಡ್ಡಪ್ಪ, ಈಗ ಸ್ವಲ್ಪ ನಿಧಾನಕ್ಕೆ ನಡೀರಿ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವ ಹಾಗೆ" ಅಂದೆ. ಹೆಜ್ಜೆ ನಿಮಿಷಕ್ಕೆ 96ಕ್ಕೆ ಇಳಿಯಿತು. ಸ್ವಲ್ಪ ಹೊತ್ತಿಗೇ ವಾಚ್ ಕೂಡ 97 ಅಂದಿತು. ಮತ್ತೆ ಚುರುಕಾಗಿ ನಡೆದರು, ಅದೂ ಹತ್ತಿತು. ನೆರಳಿನ ಹಾಗೆ ಕಾಲಿನ ಹಿಂದೆಯೇ ಬರುತ್ತಿತ್ತು.

ಮೂರನೇ ಹಂತ ನಾಡಿ ಹಿಡಿಯುವುದು. ನಿಂತ ಕೂಡಲೇ, ಒಂದು ಸೆಕೆಂಡೂ ತಡ ಮಾಡದೆ, ವಾಚ್ ಇಲ್ಲದ ಕೈಯ ಹೆಬ್ಬೆರಳಿನ ಬುಡದಲ್ಲಿ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿದೆ. 23 ಬಡಿತ. ನಾಲ್ಕರಿಂದ ಗುಣಿಸಿದರೆ 92. ಹೆಬ್ಬೆರಳಿನಿಂದ ನಾಡಿ ನೋಡಬೇಡಿ, ಅದರಲ್ಲೇ ಒಂದು ನಾಡಿ ಇರುತ್ತದೆ, ನಿಮ್ಮದನ್ನೇ ಎಣಿಸಿಬಿಡುತ್ತೀರಿ. ತೋರುಬೆರಳು, ನಡುಬೆರಳು ಸಾಕು. ನಾಡಿ ಒಂದೇ ಸಮ ಇಲ್ಲದೆ ಎಡವಿ ಎಡವಿ ಬರುತ್ತಿದ್ದರೆ 15 ಸೆಕೆಂಡ್ ಸಾಲದು, ಪೂರ್ತಿ ಒಂದು ನಿಮಿಷ ಎಣಿಸಿ, ಆ ವಿಷಯವನ್ನು ಡಾಕ್ಟರಿಗೂ ಹೇಳಿ.

ಹೆಜ್ಜೆ 116, ವಾಚ್ 117, ನಾಡಿ 92. ಇನ್ನು ಅನುಮಾನ ಉಳಿಯಲಿಲ್ಲ.

ಆಮೇಲೆ ಬೆಂಚಿನ ಮೇಲೆ ಕೂರಿಸಿ ವಾಚ್ ಬಿಚ್ಚಿಸಿದೆ. ಕೆಳಗೆ ಏನಿತ್ತು ಗೊತ್ತಾ? ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಕೆಂಪು ಹಳದಿ ದಾರ, ಎರಡು ಸುತ್ತು. ಅದು ವಾಚಿನ ಅಡಿಗೆ ಸರಿದು, ಒಂದು ಕಡೆಯನ್ನು ಅಕ್ಕಿಕಾಳಿನಷ್ಟು ಎತ್ತಿ ಹಿಡಿದಿತ್ತು. ಗಾಜಿನ ಮೇಲೆ ಕೊಬ್ಬರಿ ಎಣ್ಣೆಯ ಪದರ, ಅದರ ಮೇಲೆ ಧೂಳು ಕೂತು ಮಬ್ಬಾಗಿತ್ತು. ಪಟ್ಟಿ ಎಷ್ಟು ಸಡಿಲ ಅಂದರೆ ಒಳಗೆ ಬೆರಳು ಆರಾಮಾಗಿ ತೂರುತ್ತಿತ್ತು. ಕೈ ಕಟ್ಟಿದ ಹಾಗಾಗುತ್ತದೆ ಅಂತ ಮೂರನೇ ವಾರ ಅವರೇ ಒಂದು ತೂತು ಸಡಿಲ ಮಾಡಿಕೊಂಡಿದ್ದರಂತೆ, ದಾರ ಕಟ್ಟಿಸಿಕೊಂಡದ್ದೂ ಆ ವಾರವೇ. ಎರಡು ವಾರ ಸರಿಯಿದ್ದದ್ದು ಮೂರನೇ ವಾರ ಯಾಕೆ ಕೆಟ್ಟಿತು ಅನ್ನುವುದಕ್ಕೆ ಅಲ್ಲೇ ಉತ್ತರ ಸಿಕ್ಕಿತು.

ದಾರ ಬಿಚ್ಚಿ ಅಂತ ನಾನು ಹೇಳಲಿಲ್ಲ, ಹೇಳಬಾರದು ಕೂಡ. ವಾಚನ್ನು ಇನ್ನೊಂದು ಕೈಗೆ ಕಟ್ಟಿದರಾಯಿತು. ಗಾಜನ್ನು ಒದ್ದೆ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ ಒರೆಸಿದೆ. ಮಣಿಕಟ್ಟಿನ ಹೊರಗಡೆ ಉಬ್ಬಿರುವ ಮೂಳೆ ಇದೆಯಲ್ಲ, ಅದರ ಮೇಲೆ ಕೂರಿಸದೆ, ಒಂದು ಬೆರಳಿನಷ್ಟು ಮೊಣಕೈ ಕಡೆಗೆ ಸರಿಸಿ ಕಟ್ಟಿದೆ. ಬಿಗಿ ಎಷ್ಟಿರಬೇಕು ಅಂತ ಕೇಳಿದರು. ವಾಚನ್ನು ಬೆರಳಿನಿಂದ ಮೆತ್ತಗೆ ಪಕ್ಕಕ್ಕೆ ತಳ್ಳಿ ನೋಡಿ. ಅದರ ಜೊತೆ ಚರ್ಮವೂ ಸರಿದರೆ ಬಿಗಿ ಸರಿಯಾಗಿದೆ. ಚರ್ಮದ ಮೇಲೆ ವಾಚ್ ಜಾರಿದರೆ ಸಡಿಲ. ಕೈ ಜೋಮು ಹಿಡಿದರೆ ಬಿಗಿ ಜಾಸ್ತಿಯಾಯಿತು. ವಾಕಿಂಗ್ ಮುಗಿದ ಮೇಲೆ ಒಂದು ತೂತು ಸಡಿಲ ಮಾಡಿಕೊಳ್ಳಿ, ಇಡೀ ದಿನ ಬಿಗಿಯಾಗಿಯೇ ಇರಬೇಕಾಗಿಲ್ಲ.

ಮತ್ತೆ ಅದೇ ದಾರಿ, ಅದೇ ನಡಿಗೆ. ಹೆಜ್ಜೆ 116. ವಾಚ್ 96.

ದೊಡ್ಡಪ್ಪ ನಿಂತು ಇನ್ನೊಂದು ಸಲ ನೋಡಿದರು. "ಅಷ್ಟೇನಾ?" ಅಂದರು.

ನಿಜ ಹೇಳಬೇಕೆಂದರೆ ಅಲ್ಲಿ ನಾನೂ ಒಂದು ತಪ್ಪು ಮಾಡಿದೆ. ಕೈ ಬದಲಾಯಿಸಿ, ಒರೆಸಿ, ಬಿಗಿ ಮಾಡಿದ್ದೆಲ್ಲ ಒಟ್ಟಿಗೇ. ಸರಿಹೋಯಿತು ನಿಜ, ಆದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲಿಲ್ಲ. ನೀವು ಹಾಗೆ ಮಾಡಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಐದು ನಿಮಿಷ ನಡೆದು ನೋಡಿ, ಅಂಕಿ ಬರೆದುಕೊಳ್ಳಿ, ಆಮೇಲೆ ಮುಂದಿನದು. ಮುಂದಿನ ತಿಂಗಳು ಅದೇ ದೋಷ ಮತ್ತೆ ಬಂದಾಗ ಆ ಚೀಟಿ ಬಹಳ ಕೆಲಸಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಸರಿಹೋಗದೆ ಇರುವ ಕೆಲವು ಸಂದರ್ಭಗಳಿವೆ. ಮಣಿಕಟ್ಟಿನ ಮೇಲೆ ದಟ್ಟವಾದ ಹಚ್ಚೆ ಇದ್ದರೆ ಅದರ ಬಣ್ಣವೇ ಬೆಳಕನ್ನು ತಡೆಯುತ್ತದೆ, ಹಚ್ಚೆ ಇಲ್ಲದ ಕೈಗೆ ಕಟ್ಟಿ. ಚಳಿಯಲ್ಲಿ ಕೈ ತಣ್ಣಗಾದರೆ ಚರ್ಮಕ್ಕೆ ಬರುವ ರಕ್ತವೇ ಕಡಿಮೆ, ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಮೊದಲ ಹತ್ತು ನಿಮಿಷದ ಅಂಕಿಯನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಡಂಬೆಲ್ ಎತ್ತುವಾಗ, ಬೈಕಿನ ಹ್ಯಾಂಡಲ್ ಬಿಗಿಯಾಗಿ ಹಿಡಿದಾಗ, ಚಪಾತಿ ಹಿಟ್ಟು ನಾದುವಾಗ ಮಣಿಕಟ್ಟಿನ ಸ್ನಾಯುಗಳು ಬಿಗಿದು ವಾಚನ್ನು ಎತ್ತುತ್ತವೆ, ಆಗಲೂ ಲೆಕ್ಕ ತಪ್ಪುತ್ತದೆ. ಇಂಥ ಕೆಲಸದಲ್ಲೂ ಸರಿಯಾದ ಅಂಕಿ ಬೇಕೇ ಬೇಕು ಅಂದರೆ ಎದೆಗೆ ಕಟ್ಟುವ ಪಟ್ಟಿ ಒಳ್ಳೆಯದು. ಅದು ಬೆಳಕಿನಿಂದಲ್ಲ, ಹೃದಯದ ವಿದ್ಯುತ್ ಸಂಕೇತದಿಂದ ಎಣಿಸುತ್ತದೆ. ಅದಕ್ಕೂ ಒಂದು ಗುಣ ಇದೆ, ಚರ್ಮ ಒಣಗಿದ್ದರೆ ಶುರುವಿನಲ್ಲಿ ಹುಚ್ಚಾಪಟ್ಟೆ ಅಂಕಿ ಕೊಡುತ್ತದೆ. ಕಟ್ಟುವ ಮೊದಲು ಒಳಭಾಗವನ್ನು ನೀರಿನಿಂದ ಒದ್ದೆ ಮಾಡಿಕೊಳ್ಳಿ.

ಬಾಳೆಹಣ್ಣಿನ ಪರೀಕ್ಷೆ ಬೇಡ

ವಾಚನ್ನು ಬಾಳೆಹಣ್ಣಿಗೋ ನೀರಿನ ಬಾಟಲಿಗೋ ಕಟ್ಟಿ, ಅಲ್ಲೂ ಬಡಿತ ತೋರಿಸುತ್ತೆ ನೋಡಿ, ಇದು ಡೂಪ್ಲಿಕೇಟು ಅಂತ ವಿಡಿಯೋ ಕಳಿಸುವವರಿದ್ದಾರೆ. ಈ ಪರೀಕ್ಷೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಎದುರಿಗಿರುವುದು ಕೈ ಅಂತ ನಂಬಿಕೊಂಡು ಬೆಳಕಿನಲ್ಲಿ ತಾಳ ಹುಡುಕುವುದು ಅದರ ಕೆಲಸ. ಹಣ್ಣಿನ ಮೇಲಿನಿಂದ ವಾಪಸ್ ಬಂದ ಬೆಳಕಿನ ಗದ್ದಲದಲ್ಲೂ ಏನೋ ಒಂದು ತಾಳ ಸಿಕ್ಕಿದರೆ ಅದನ್ನೇ ಹೇಳುತ್ತದೆ. ಒಳ್ಳೆಯ ವಾಚ್‌ಗಳೂ ಕೆಲವೊಮ್ಮೆ ಹೀಗೆ ಮಾಡುತ್ತವೆ. ಆರಾಮಾಗಿ ಕುರ್ಚಿಯಲ್ಲಿ ಕೂತು, ಕೈಯನ್ನು ಮೇಜಿನ ಮೇಲಿಟ್ಟು, ಐದು ನಿಮಿಷ ಬಿಟ್ಟು, ಬೆರಳಿನಿಂದ ಎಣಿಸಿದ ನಾಡಿಯ ಜೊತೆ ಹೋಲಿಸಿ. ಕೂತಿದ್ದಾಗಲೂ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಪದೇ ಪದೇ ಬರುತ್ತಿದ್ದರೆ, ಪಟ್ಟಿ ಗಾಜು ಎಲ್ಲ ಸರಿ ಇದ್ದೂ ಬರುತ್ತಿದ್ದರೆ, ಆಗ ನಾನು ವಾಚನ್ನೇ ಅನುಮಾನಿಸುತ್ತೇನೆ.

ಸಕ್ಕರೆ ಕಾಯಿಲೆ ಇರುವವರು ಇದನ್ನು ದಯವಿಟ್ಟು ಗಮನಿಸಿ. ಸೂಜಿ ಚುಚ್ಚದೆ ಬರೀ ವಾಚ್ ಅಥವಾ ಉಂಗುರದಿಂದ ರಕ್ತದ ಸಕ್ಕರೆ ಅಳೆಯುತ್ತೇವೆ ಅನ್ನುವ ಸಾಧನಗಳನ್ನು ಬಳಸಬೇಡಿ ಅಂತ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಕೆ ಕೊಟ್ಟಿದೆ. ಅಂಥ ವಾಚ್ ತೋರಿಸುವ ಸಕ್ಕರೆ ಅಂಕಿ ತಪ್ಪಾಗಿದ್ದರೆ ಅದನ್ನು ರಿಪೇರಿ ಮಾಡಲು ಹೋಗಬೇಡಿ. ಆ ಅಂಕಿ ನೋಡಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿಕೊಂಡರೆ ಪ್ರಾಣಕ್ಕೇ ಅಪಾಯ. ಬಿಪಿ ವಿಷಯದಲ್ಲೂ ಅಷ್ಟೇ. ಕೆಲವು ವಾಚ್‌ಗಳು ತೋಳಿಗೆ ಕಟ್ಟುವ ಬಿಪಿ ಯಂತ್ರದ ಜೊತೆ ಆಗಾಗ ಹೊಂದಿಸಿಕೊಂಡರೆ ಮಾತ್ರ ಕೆಲಸ ಮಾಡುತ್ತವೆ, ಅದನ್ನು ಮಾಡದೆ ಬಂದ ಅಂಕಿಗೆ ಬೆಲೆಯಿಲ್ಲ.

ಮೈಗೆ ಕಟ್ಟುವ ಕಂಪ್ಯೂಟರಿಗೆ ಈ ಕಷ್ಟ ಹೊಸದೂ ಅಲ್ಲ. 1961ರಲ್ಲಿ ಎಡ್ವರ್ಡ್ ಥೋರ್ಪ್ ಮತ್ತು ಕ್ಲಾಡ್ ಶ್ಯಾನನ್ ಅನ್ನುವ ಇಬ್ಬರು ಗಣಿತದವರು ಸಿಗರೇಟ್ ಪ್ಯಾಕಿನಷ್ಟು ದೊಡ್ಡ ಕಂಪ್ಯೂಟರ್ ಕಟ್ಟಿಕೊಂಡು ಲಾಸ್ ವೇಗಾಸ್‌ಗೆ ಹೋದರು. ರೂಲೆಟ್ ಅನ್ನುವ ಜೂಜಾಟದಲ್ಲಿ ತಿರುಗುವ ಚಕ್ರದ ಮೇಲೆ ಚೆಂಡು ಎಲ್ಲಿ ಬೀಳುತ್ತದೆ ಅಂತ ಊಹಿಸುವುದು ಅದರ ಕೆಲಸ. ಶೂ ಒಳಗಿನ ಸ್ವಿಚ್ಚನ್ನು ಕಾಲ್ಬೆರಳಿನಿಂದ ಒತ್ತಬೇಕು, ಉತ್ತರ ಸಂಗೀತದ ಸ್ವರವಾಗಿ ಕಿವಿಗೆ ಕೇಳಬೇಕು. ಲೆಕ್ಕವೆಲ್ಲ ಸರಿಯಾಗಿಯೇ ಇತ್ತು. ಕೈಕೊಟ್ಟಿದ್ದು ಕಿವಿಗೆ ಹೋಗುವ ಕೂದಲೆಳೆಯಂಥ ತಂತಿ, ಅದು ಪದೇ ಪದೇ ತುಂಡಾಗುತ್ತಿತ್ತು. ಅಲ್ಲೂ ಅಷ್ಟೇ ನೋಡಿ, ಯಂತ್ರ ಮೈಗೆ ಸೇರುವ ಜಾಗವೇ.

ಕೈ ಎತ್ತಿದರೂ ಸ್ಕ್ರೀನ್ ಹತ್ತುತ್ತಿಲ್ಲ

ಇದು ನಮ್ಮ ಅಮ್ಮನ ದೂರು. ಅಮ್ಮ ಕಾಲೇಜಿನ ದಿನದಿಂದಲೂ ವಾಚಿನ ಮುಖವನ್ನು ಮಣಿಕಟ್ಟಿನ ಒಳಗಡೆಗೆ, ಅಂಗೈ ಕಡೆಗೆ ಇಟ್ಟು ಕಟ್ಟುವವರು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಸಮಯ ಕಾಣುತ್ತದೆ, ಗಾಜು ಗೋಡೆಗೆ ಉಜ್ಜುವುದಿಲ್ಲ. ಅವರ ವಯಸ್ಸಿನ ಎಷ್ಟೋ ಹೆಂಗಸರು ಹೀಗೇ ಕಟ್ಟುತ್ತಾರೆ. ಆದರೆ ಕೈ ಎತ್ತಿ ಮುಖದ ಕಡೆಗೆ ತಿರುಗಿಸಿದರು ಅಂತ ವಾಚ್ ಗುರುತಿಸುವುದು ಅಲುಗಾಟದ ಸೆನ್ಸರ್‌ನಿಂದ, ಆ ಲೆಕ್ಕ ಇರುವುದು ವಾಚ್ ಹೊರಗಡೆ ಕಟ್ಟುವವರಿಗೆ. ಒಳಗಡೆ ಕಟ್ಟಿದರೆ ಕೈ ತಿರುಗುವ ದಿಕ್ಕೇ ಉಲ್ಟಾ.

ಮೊದಲು ಸೆಟ್ಟಿಂಗ್ಸ್‌ನಲ್ಲಿ ಎಡಗೈಯೋ ಬಲಗೈಯೋ ಅನ್ನುವುದನ್ನು ನೋಡಿ. ಕೈ ಬದಲಾಯಿಸಿದವರು ಇದನ್ನು ಬದಲಾಯಿಸಲು ಮರೆಯುತ್ತಾರೆ, ದೊಡ್ಡಪ್ಪನ ವಾಚಿನಲ್ಲೂ ನಾನು ಮರೆತಿದ್ದೆ, ಮರುದಿನ ಫೋನಿನಲ್ಲಿ ಹೇಳಿ ಮಾಡಿಸಿದೆ. ಅದು ಸರಿ ಇದ್ದೂ ಹತ್ತದಿದ್ದರೆ ವಾಚನ್ನು ಹೊರಗಡೆ ಕಟ್ಟಿ ಹತ್ತು ಸಲ ಕೈ ಎತ್ತಿ ನೋಡಿ. ಹೊರಗಡೆ ಹತ್ತಕ್ಕೆ ಒಂಬತ್ತು ಸಲ ಹತ್ತಿ, ಒಳಗಡೆ ಎರಡೇ ಸಲ ಹತ್ತಿದರೆ ಸೆನ್ಸರ್ ಚೆನ್ನಾಗಿದೆ, ಕಟ್ಟುವ ರೀತಿ ಅದಕ್ಕೆ ಒಗ್ಗುತ್ತಿಲ್ಲ ಅಷ್ಟೇ. ಅಮ್ಮನಿಗೆ ನಲವತ್ತು ವರ್ಷದ ಅಭ್ಯಾಸ ಬಿಡಿ ಅನ್ನುವುದಕ್ಕಿಂತ, ಸ್ಕ್ರೀನ್ ಯಾವಾಗಲೂ ಹತ್ತಿಕೊಂಡೇ ಇರುವ ಹಾಗೆ ಇಟ್ಟುಕೊಟ್ಟೆ. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಆಗಲಿ, ರಾತ್ರಿ ಚಾರ್ಜಿಗೆ ಇಟ್ಟರಾಯಿತು. ಮನುಷ್ಯರ ಅಭ್ಯಾಸಕ್ಕೆ ಯಂತ್ರ ಹೊಂದಿಕೊಳ್ಳಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಬಳೆ ಹಾಕಿದ ಕೈಗೇ ವಾಚ್ ಕಟ್ಟುವವರು ಇನ್ನೊಂದನ್ನು ಗಮನಿಸಿ. ಬಳೆ ಬಡಿಯುವಾಗ ಪಕ್ಕದ ಗುಂಡಿ ತಾನಾಗಿ ಒತ್ತಿಕೊಳ್ಳುತ್ತದೆ, ಸ್ಕ್ರೀನ್ ಸುಮ್ನೆ ಹತ್ತುತ್ತದೆ. ಗುಂಡಿ ಬೆರಳುಗಳ ಕಡೆ ಇರುವ ಬದಲು ಮೊಣಕೈ ಕಡೆ ಬರುವಂತೆ ವಾಚನ್ನು ತಿರುಗಿಸಿ ಕಟ್ಟುವ ಅವಕಾಶ ಕೆಲವು ವಾಚ್‌ಗಳಲ್ಲಿದೆ. ಬೆರಳು ತಟ್ಟಿ ಕೆಲಸ ಮಾಡಿಸುವವರಿಗೂ ಬಿಗಿ ಮುಖ್ಯ. 2023ರಲ್ಲಿ ಬಂದ ಆಪಲ್ ವಾಚ್ ಸೀರೀಸ್ 9ರಲ್ಲಿ ಹೆಬ್ಬೆರಳು, ತೋರುಬೆರಳನ್ನು ಎರಡು ಸಲ ತಟ್ಟಿದರೆ ಫೋನ್ ಎತ್ತಬಹುದು. ಆ ತಟ್ಟುವಿಕೆಯನ್ನು ಗುರುತಿಸಲು ಅದು ಅಲುಗಾಟದ ಸೆನ್ಸರ್ ಜೊತೆಗೆ ಅದೇ ಎದೆಬಡಿತದ ಬೆಳಕಿನ ಸೆನ್ಸರನ್ನೂ ಬಳಸುತ್ತದೆ. ಪಟ್ಟಿ ಸಡಿಲವಾದರೆ ಅದೂ ತಪ್ಪುತ್ತದೆ.

ಟಚ್ ತಾನಾಗಿಯೇ ಒತ್ತಿಕೊಳ್ಳುತ್ತದೆ

ಸ್ಕ್ರೀನ್ ಗಾಜಿನ ಕೆಳಗೆ ಸಣ್ಣ ವಿದ್ಯುತ್ ಕ್ಷೇತ್ರ ಇರುತ್ತದೆ. ಬೆರಳು ಬಂದರೆ ಅದು ಬದಲಾಗುತ್ತದೆ. ನೀರಿನ ಹನಿ ಬಂದರೂ ಬದಲಾಗುತ್ತದೆ. ಮಳೆಯಲ್ಲಿ, ಪಾತ್ರೆ ತೊಳೆಯುವಾಗ, ಬೆವರು ಸುರಿಯುವಾಗ ಯಾರಿಗೋ ಫೋನ್ ಹೋಗಿಬಿಡುವುದು ಇದರಿಂದಲೇ. ಒಣ ಹತ್ತಿಬಟ್ಟೆಯಿಂದ ಒರೆಸಿ ನೋಡಿ, ನಿಂತರೆ ಅಲ್ಲಿಗೆ ಮುಗಿಯಿತು. ನೀರಿನ ಕೆಲಸಕ್ಕೆ ಮೊದಲು ಟಚ್ ಲಾಕ್ ಹಾಕಿಕೊಳ್ಳುವುದು ರೂಢಿ ಮಾಡಿಕೊಳ್ಳಿ.

ಒಣಗಿದ್ದರೂ ತಾನಾಗಿ ಒತ್ತಿಕೊಳ್ಳುತ್ತಿದ್ದರೆ ಮೇಲೆ ಅಂಟಿಸಿದ ಸ್ಕ್ರೀನ್ ಗಾರ್ಡ್ ತೆಗೆದು ನೋಡಿ, ಅದರ ಅಂಚಿನಲ್ಲಿ ಬೆವರು ಸೇರಿಕೊಂಡಿರುತ್ತದೆ. ಚಾರ್ಜಿಗೆ ಇಟ್ಟಾಗ ಮಾತ್ರ ಹೀಗಾಗುತ್ತಿದ್ದರೆ ಬೇರೆ ಅಡಾಪ್ಟರ್ ಹಾಕಿ, ಅಗ್ಗದ ಅಡಾಪ್ಟರಿನಿಂದ ಬರುವ ವಿದ್ಯುತ್ ಗದ್ದಲವೂ ಟಚ್ ಕೆಡಿಸುತ್ತದೆ. ಈ ಮೂರಕ್ಕೂ ಬಗ್ಗದಿದ್ದರೆ ಸರ್ವೀಸ್ ಸೆಂಟರ್.

ವಾಟರ್‌ಪ್ರೂಫ್ ಅಂತ ಬಿಸಿನೀರಿನ ಸ್ನಾನಕ್ಕೆ ಹೋಗಬೇಡಿ. 5 ಎಟಿಎಂ (ಸುಮಾರು 50 ಮೀಟರ್ ಆಳದ ನೀರಿನ ಒತ್ತಡ) ಅಂತ ಬರೆದಿರುವುದು ಅಲ್ಲಾಡದ ನೀರಿನ ಒತ್ತಡದ ಲೆಕ್ಕ. ಹಬೆ, ಸೋಪು, ಶಾಂಪೂ ರಬ್ಬರ್ ಸೀಲನ್ನು ನಿಧಾನಕ್ಕೆ ಹಾಳು ಮಾಡುತ್ತವೆ.

ಕನ್ನಡ ಮೆಸೇಜ್ ಡಬ್ಬಿ ಡಬ್ಬಿಯಾಗಿ ಬರುತ್ತದೆ

ಇದು ನನಗೆ ತುಂಬಾ ಹತ್ತಿರದ ವಿಷಯ, ಸ್ವಲ್ಪ ನಿಂತು ಹೇಳುತ್ತೇನೆ. ಅಮ್ಮ ನನಗೆ "ಅಕ್ಕಿ ತಾ" ಅಂತ ಕಳಿಸಿದರು. ಫೋನಿನಲ್ಲಿ ಚೆನ್ನಾಗಿ ಬಂತು. ಆಗ ನನ್ನ ಕೈಯಲ್ಲಿದ್ದ ಹಳೆಯ ವಾಚಿನಲ್ಲಿ ಬರೀ ಚೌಕ ಡಬ್ಬಿಗಳು. ಅಪ್‌ಡೇಟ್ ಮಾಡಿದ ಮೇಲೆ ಅಕ್ಷರ ಬಂತು, ಆದರೆ "ಅಕ್‌ಕಿ" ಅಂತ. ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ಕೂತಿತ್ತು.

ಇವು ಎರಡು ಬೇರೆ ಬೇರೆ ದೋಷ. ಡಬ್ಬಿ ಕಂಡರೆ ವಾಚಿನಲ್ಲಿ ಕನ್ನಡ ಫಾಂಟೇ, ಅಂದರೆ ಕನ್ನಡ ಅಕ್ಷರಗಳ ಆಕಾರಗಳೇ, ಇಲ್ಲ ಅಂತ ಅರ್ಥ. ಅಕ್ಷರ ಬಂದು ಒತ್ತು ಒಡೆದರೆ ಫಾಂಟ್ ಇದೆ, ಆದರೆ ಅಕ್ಷರಗಳನ್ನು ಜೋಡಿಸಿ ಕೂರಿಸುವ ತಂತ್ರಾಂಶ ಇಲ್ಲ. ಕನ್ನಡದಲ್ಲಿ ಕ, ಅದನ್ನು ಅರ್ಧಾಕ್ಷರ ಮಾಡುವ ಚಿಹ್ನೆ, ಮತ್ತೊಂದು ಕ, ಗುಣಿತ ಇಷ್ಟನ್ನೂ ಒಟ್ಟಿಗೆ ನೋಡಿ "ಕ್ಕಿ" ಅನ್ನುವ ಒಂದೇ ಆಕಾರ ಬರೆಯಬೇಕು. ಒಂದಾದ ಮೇಲೊಂದು ಅಕ್ಷರ ಇಡುತ್ತಾ ಹೋಗುವ ವಾಚಿಗೆ ಇದು ಬರುವುದಿಲ್ಲ. ನಿಮ್ಮದು ಯಾವುದು ಅಂತ ತಿಳಿಯಲು "ಅಮರ" ಅನ್ನುವ ಪದ ಒಂದು ಸಲ, "ಅಕ್ಕಿ" ಅನ್ನುವ ಪದ ಇನ್ನೊಂದು ಸಲ ಕಳಿಸಿಕೊಂಡು ನೋಡಿ. ಎರಡೂ ಡಬ್ಬಿಯಾದರೆ ಫಾಂಟ್ ಇಲ್ಲ. ಮೊದಲನೆಯದು ಸರಿಯಾಗಿ ಬಂದು ಎರಡನೆಯದು ಒಡೆದರೆ ಜೋಡಣೆ ಇಲ್ಲ.

ಎರಡಕ್ಕೂ ನಾವು ಮಾಡಬಹುದಾದದ್ದು ವಾಚಿನ ತಂತ್ರಾಂಶ ಅಪ್‌ಡೇಟ್ ಮಾತ್ರ. ಅದರಿಂದ ಬರದಿದ್ದರೆ ಕಂಪನಿಯವರಿಗೆ ಸ್ಕ್ರೀನಿನ ಫೋಟೋ ಸಮೇತ ಬರೆಯಿರಿ, ಎರಡರಲ್ಲಿ ಯಾವ ದೋಷ ಅಂತ ಸ್ಪಷ್ಟವಾಗಿ ಹೇಳಿ. ಬರೀ "ಕನ್ನಡ ಬರಲ್ಲ" ಅಂದರೆ ಅವರಿಗೆ ಏನು ಸರಿಮಾಡಬೇಕು ಅಂತ ತಿಳಿಯುವುದಿಲ್ಲ. ಹೊಸದು ಕೊಳ್ಳುವವರು ಅಂಗಡಿಯಲ್ಲೇ ಈ ಎರಡು ಪದ ಕಳಿಸಿ ನೋಡಿ ಕೊಂಡುಕೊಳ್ಳಿ.

ಮೆಸೇಜೇ ಬರುತ್ತಿಲ್ಲ ಅಂದರೆ ಫೋನ್ ಕಡೆ ನೋಡಬೇಕು. ಆಂಡ್ರಾಯ್ಡ್‌ನಲ್ಲಿ ವಾಚಿನ ಆಪ್‌ಗೆ ನೋಟಿಫಿಕೇಶನ್ ಓದುವ ಅನುಮತಿ ಕೊಟ್ಟಿದ್ದೀರಾ ನೋಡಿ. ಆಮೇಲೆ ಬ್ಯಾಟರಿ ಉಳಿಸುವ ಸೆಟ್ಟಿಂಗ್. ಫೋನ್ ಸುಮ್ಮನೆ ಮೇಜಿನ ಮೇಲಿದ್ದಾಗ ಆಪ್‌ಗಳನ್ನು ನಿದ್ದೆಗೆ ತಳ್ಳುವ ಪದ್ಧತಿ ಆಂಡ್ರಾಯ್ಡ್‌ನಲ್ಲಿ 2015ರಿಂದಲೂ ಇದೆ, ಕೆಲವು ಫೋನ್‌ಗಳು ಇನ್ನೂ ಬಿಗಿಯಾಗಿ ಆಪನ್ನೇ ಮುಚ್ಚಿಬಿಡುತ್ತವೆ. ಗುರುತು ಸುಲಭ: ಫೋನ್ ಕೈಯಲ್ಲಿ ಹಿಡಿದಿದ್ದಾಗ ಮೆಸೇಜ್ ವಾಚಿಗೆ ಬರುತ್ತದೆ, ಅರ್ಧ ಗಂಟೆ ಕೆಳಗಿಟ್ಟರೆ ಬರುವುದಿಲ್ಲ. ವಾಚಿನ ಆಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದುಹಾಕಿ.

ಚಾರ್ಜ್ ಮತ್ತು ಚರ್ಮ

ಚಾರ್ಜ್ ಆಗುತ್ತಿಲ್ಲ ಅಂದರೆ ಮೊದಲು ಹಿಂದಿನ ಲೋಹದ ಚುಕ್ಕೆಗಳನ್ನು ನೋಡಿ. ಬೆವರಿನ ಉಪ್ಪು ಒಣಗಿ ಬೆಳ್ಳಗೋ ಹಸಿರಾಗೋ ಕಟ್ಟಿಕೊಂಡಿರುತ್ತದೆ. ಮೆತ್ತನೆಯ ಬ್ರಷ್‌ನಿಂದ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲ್ (ಬೇಗ ಆರಿಹೋಗುವ, ಶುಚಿ ಮಾಡುವ ದ್ರವ) ಸ್ವಲ್ಪ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ ಇಡಿ. ಪಿನ್ನು, ಬ್ಲೇಡಿನಿಂದ ಕೆರೆಯಬೇಡಿ. ವಾಚಿನ ಹಿಂಭಾಗ ಉಬ್ಬಿದ್ದರೆ, ಅಥವಾ ಸ್ಕ್ರೀನ್ ಒಂದು ಕಡೆ ಎದ್ದಿದ್ದರೆ, ಬ್ಯಾಟರಿ ಊದಿಕೊಂಡಿರಬಹುದು. ಅದನ್ನು ಮತ್ತೆ ಚಾರ್ಜಿಗೆ ಇಡಲೇಬೇಡಿ, ಒತ್ತಿ ಕೂರಿಸಲೂ ಬೇಡಿ.

ವಾಚಿನ ಕೆಳಗೆ ಚರ್ಮ ಕೆಂಪಾಗಿ ತುರಿಸಿದರೆ ಹೆಚ್ಚಾಗಿ ಒಳಗೆ ಸೇರಿದ ಸೋಪು, ಬೆವರು ಕಾರಣ. ಎರಡು ದಿನ ಬಿಚ್ಚಿಡಿ, ಪಟ್ಟಿ ತೊಳೆದು ಒಣಗಿಸಿ. ಮತ್ತೆ ಕಟ್ಟಿದಾಗ ಅದೇ ಜಾಗದಲ್ಲಿ ಬಂದರೆ ಪಟ್ಟಿ ಬದಲಾಯಿಸಿ, ಬಕಲ್‌ನ ನಿಕ್ಕಲ್ ಕೆಲವರಿಗೆ ಆಗುವುದಿಲ್ಲ.

ಸರ್ವೀಸ್ ಸೆಂಟರಿಗೆ ಹೋಗುವುದೇ ಆದರೆ ಬರೀ ವಾಚ್ ತೆಗೆದುಕೊಂಡು ಹೋಗಬೇಡಿ. ಒಂದು ಚೀಟಿಯಲ್ಲಿ ದಿನಾಂಕ, ಹೊತ್ತು, ಕೂತಿದ್ದಿರೋ ನಡೆಯುತ್ತಿದ್ದಿರೋ, ವಾಚಿನ ಅಂಕಿ, ಬೆರಳಿನಿಂದ ಎಣಿಸಿದ ನಾಡಿ, ಯಾವ ಕೈ, ಪಟ್ಟಿ ಯಾವ ತೂತಿನಲ್ಲಿತ್ತು, ಇಷ್ಟು ಬರೆದುಕೊಳ್ಳಿ. ಮೂರು ದಿನದ್ದು ಇದ್ದರೆ ಸಾಕು. ಚಾರ್ಜರ್, ಬಿಲ್ ಜೊತೆಗಿರಲಿ. ಇಲ್ಲದಿದ್ದರೆ ಅವರೂ ರೀಸೆಟ್ ಮಾಡಿಯೇ ಕಳಿಸುತ್ತಾರೆ.